ಏಳನೇ ಪೆಟ್ಟಿಗೆಯ ತೂಕ

ಅವಳ ಮಗನಿಗೆ ಎರಡು ತೂಕಗಳಿದ್ದವು. ಒಂದು ಅವನದು, ಇನ್ನೊಂದು ಅವಳು ಬರೆದು ಕಳಿಸಿದ್ದು. ಅವನದು ಮೂರು ಸಾವಿರದ ನೂರ ನಲವತ್ತು ಗ್ರಾಂ; ಅವಳು ಹಿಂದಿನ ದಿನ ಕಳಿಸಿದ್ದು ಮೂರು ಸಾವಿರದ ಐನೂರ ಇಪ್ಪತ್ತು. ನಡುವಿನ ಮುನ್ನೂರ ಎಂಬತ್ತು ಗ್ರಾಂ ಮಗು ಎಲ್ಲಿಯೂ ಇರಲಿಲ್ಲ. ಇಲ್ಲದ ಆ ತುಂಡು ಮಗುವೇ ಎದ್ದರೆ ಕೂತರೆ ಅವಳನ್ನು ಕಾಡುತ್ತಿತ್ತು. ನಲ್ಲಿಯ ಕೆಳಗೆ ಬಾಟಲಿ ತೊಳೆಯುವಾಗ, ಬಾಲ್ಕನಿಯ ತಂತಿಗೆ ಬಟ್ಟೆ ಹಾಕುವಾಗ, ಗಂಡನ ಯಾವುದೋ ತಮಾಷೆಗೆ ನಗುವಾಗ ಕೂಡ ಒಳಗೊಂದು ಬಾಯಿ ಗುಣಗುಣ ಎನ್ನುತ್ತಲೇ ಇರುತ್ತಿತ್ತು: ನಾಳೆ ಇವನು ನಲವತ್ತು ಏರಿ, ನಾನು ಹತ್ತೇ ಏರಿಸಿ ಕಳಿಸಿದರೆ ಮೂವತ್ತು ಕಡಿಮೆಯಾಗುತ್ತದೆ. ಹಾಗೆಯೇ ಹದಿಮೂರು ದಿನ ನಡೆದರೆ ಸರಿಹೋಗುತ್ತದೆ. ಹದಿಮೂರೇ ದಿನ.

ಆದರೆ ಮಗು ಮೂರು ದಿನದಿಂದ ಏರುವುದಿರಲಿ, ಇಳಿಯುತ್ತಿತ್ತು.

ಆ ಗುರುವಾರ ಬೆಳಿಗ್ಗೆ ಎಂಟೂ ಮುಕ್ಕಾಲಿಗೆ ಅವಳು ಊಟದ ಮೇಜನ್ನು ಒರೆಸಿ, ಆಸ್ಪತ್ರೆಯವರು ಕೊಟ್ಟಿದ್ದ ತೂಕದ ಮಷೀನನ್ನು ಅದರ ಮೇಲಿಟ್ಟಳು. ಮೊದಲು ಬರೀ ಬಟ್ಟೆ ಹಾಸಿ ಗುಂಡಿ ಒತ್ತಿದರೆ ಸೊನ್ನೆ ಬರುತ್ತದೆ. ಆಮೇಲೆ ಮಗುವಿನ ಮೈಮೇಲೆ ಒಂದು ನೂಲೂ ಇಲ್ಲದಂತೆ ಮಾಡಿ ಮಲಗಿಸಬೇಕು. ಮೊದಲೆಲ್ಲ ಅವನು ಈ ತಣ್ಣನೆ ತಟ್ಟೆ ಬೆನ್ನಿಗೆ ತಾಗಿದ್ದೇ ತಡ, ಕೈಕಾಲು ಬಡಿದು ಬೀದಿಗೆಲ್ಲ ಕೇಳಿಸುವಂತೆ ಕಿರುಚುತ್ತಿದ್ದ. ಅಂಕಿಗಳು ಕುಣಿದಾಡುತ್ತಿದ್ದವು. ಯಾವುದನ್ನು ನಂಬಬೇಕೆಂದೇ ತಿಳಿಯುತ್ತಿರಲಿಲ್ಲ. ಇಂದು ಅಂಕಿ ಕುಣಿಯಲಿಲ್ಲ. ಇಟ್ಟ ಕೂಡಲೇ ನಿಂತುಬಿಟ್ಟಿತು. ಅವಳು ಅಂಕಿಯನ್ನು ನೋಡಿದಳು, ಮಗುವನ್ನು ನೋಡಿದಳು. ಅವನು ಕಣ್ಣು ಮುಚ್ಚಿಕೊಂಡೇ ಇದ್ದ.

ಪಕ್ಕದಲ್ಲಿ ಫೋನು ಟಿಂಗ್ ಎಂದಿತು.

ಎರಡು ತಿಂಗಳು ಮೊದಲೇ ಹುಟ್ಟಿದವನು ಅವನು. ನಲವತ್ತೊಂದು ದಿನ ಆಸ್ಪತ್ರೆಯ ಗಾಜಿನ ಪೆಟ್ಟಿಗೆಯಲ್ಲಿದ್ದ. ಆ ವಾರ್ಡಿನಲ್ಲಿ ಹನ್ನೆರಡು ಪೆಟ್ಟಿಗೆಗಳು. ಅಲ್ಲಿ ಮಕ್ಕಳಿಗೂ ಹೆಸರಿಲ್ಲ, ತಾಯಂದಿರಿಗೂ ಹೆಸರಿಲ್ಲ. ಇವನು ಏಳನೇ ಪೆಟ್ಟಿಗೆ, ಇವಳು ಏಳನೇ ಪೆಟ್ಟಿಗೆಯ ಅಮ್ಮ. ಮೊದಲ ವಾರದಲ್ಲೇ ಎರಡು ಸಲ ಫಿಟ್ಸ್ ಬಂದಿತ್ತು. ಹಿಡಿಯಷ್ಟು ಮೈ ಬಿಲ್ಲಿನಂತೆ ಸೆಟೆದುಕೊಂಡದ್ದನ್ನು ಅವಳು ಗಾಜಿನಾಚೆಯಿಂದ ನೋಡಿದ್ದಳು. ಅಂದಿನಿಂದ ದಿನಕ್ಕೆರಡು ಸಲ ಔಷಧಿ. ಮನೆಗೆ ಕಳಿಸುವ ದಿನ ವಾರ್ಡಿನ ಸಿಸ್ಟರು ಒಬ್ಬೊಬ್ಬರ ಕೈಗೂ ಒಂದೊಂದು ತೂಕದ ಮಷೀನು ಕೊಟ್ಟು, ಎಲ್ಲ ತಾಯಂದಿರನ್ನೂ ಫೋನಿನಲ್ಲಿ ಒಂದು ಗುಂಪು ಮಾಡಿದ್ದರು. "ದಿನಾ ಬೆಳಿಗ್ಗೆ ಒಂಬತ್ತರೊಳಗೆ ತೂಕ ಹಾಕಬೇಕು. ನಿದ್ದೆ ಬಂತು, ಮರೆತೋಯ್ತು, ನೆಂಟರು ಬಂದಿದ್ರು, ಇವೆಲ್ಲ ನನ್ನ ಹತ್ರ ನಡೆಯಲ್ಲ. ಪುಟ್ಟ ಮಕ್ಕಳನ್ನ ದಿನಾ ಇಲ್ಲಿವರೆಗೆ ಹೊತ್ಕೊಂಡು ಬರೋದು ಬೇಡ ಅಂತ ಈ ವ್ಯವಸ್ಥೆ. ನಾನಿಲ್ಲಿಂದ್ಲೇ ನೋಡ್ತಿರ್ತೀನಿ," ಎಂದಿದ್ದರು. ಐವತ್ತು ದಾಟಿದ, ದಪ್ಪ ದನಿಯ ಹೆಂಗಸು. ಅವರ ಬೈಗುಳದಲ್ಲೇ ಅರ್ಧ ಕಾಯಿಲೆ ವಾಸಿಯಾಗುತ್ತದೆ ಎಂದು ವಾರ್ಡಿನವರು ನಗುತ್ತಿದ್ದರು.

ಆದರೆ ಗುಂಪು ಎಂದರೆ ಗುಂಪೇ. ಸಿಸ್ಟರೊಬ್ಬರಿಗೇ ಕಾಣಬೇಕಾದ ಅಂಕಿ ಹನ್ನೊಂದು ತಾಯಂದಿರಿಗೂ ಕಾಣುತ್ತಿತ್ತು. ಯಾರ ಮಗು ಐವತ್ತು ಏರಿತೋ ಅವರಿಗೆ ಚಪ್ಪಾಳೆಯ ಸುರಿಮಳೆ. ಯಾರದು ಇಳಿಯಿತೋ ಅವರ ಅಂಕಿಯ ಕೆಳಗೆ ಯಾರೂ ಏನೂ ಬರೆಯುತ್ತಿರಲಿಲ್ಲ. ಆ ಖಾಲಿ ಜಾಗವೇ ಮುಖಕ್ಕೆ ಹೊಡೆದಂತಿರುತ್ತಿತ್ತು. ಮೊದಲ ಮೂರು ವಾರ ಏಳನೇ ಪೆಟ್ಟಿಗೆಯದೇ ರಾಜ್ಯಭಾರ. ದಿನಕ್ಕೆ ಮೂವತ್ತು, ಒಮ್ಮೊಮ್ಮೆ ನಲವತ್ತು ಗ್ರಾಂ. ಒಂದು ದಿನ ಇದ್ದಕ್ಕಿದ್ದಂತೆ ಹತ್ತು ಗ್ರಾಂ ಇಳಿಯಿತು. ಮಕ್ಕಳ ತೂಕ ಒಂದು ದಿನ ಏರುತ್ತದೆ, ಒಂದು ದಿನ ನಿಲ್ಲುತ್ತದೆ. ಅದು ಅವಳಿಗೂ ಗೊತ್ತಿತ್ತು. ಆದರೂ ಬೆರಳು ಇಪ್ಪತ್ತು ಸೇರಿಸಿ ಒತ್ತಿಬಿಟ್ಟಿತು. ನಾಳೆ ಹೇಗೂ ಏರುತ್ತಾನಲ್ಲ, ಸರಿದೂಗಿಸಿದರಾಯಿತು ಅಂದುಕೊಂಡಳು. ಮರುದಿನ ಹದಿನೈದು ಏರಿದ. ಆದರೆ ಅವಳಿಗಳ ಅಮ್ಮ ಆ ದಿನ ಎರಡು ಮಕ್ಕಳಿಗೂ ನಲವತ್ತು ನಲವತ್ತು ಹಾಕಿದ್ದಳು. ಇವಳು ಮೂವತ್ತೈದು ಹಾಕಿದಳು.

ಹೀಗೆ ಹತ್ತು ಇಪ್ಪತ್ತರಂತೆ ಬೆಳೆದದ್ದು ಈಗ ಮಗುವಿನ ಒಂದು ತೊಡೆಯಷ್ಟಾಗಿತ್ತು.

ಯಾಕೆ ಹಾಗೆ ಮಾಡಿದೆ ಎಂದು ಯಾರಾದರೂ ಕೇಳಿದ್ದರೆ ಹೇಳಲು ಅವಳ ಬಳಿ ಇದ್ದದ್ದು ಒಂದು ಅಭ್ಯಾಸ ಮಾತ್ರ. ಅವಳ ಅಪ್ಪ ಅಂಚೆ ಕಚೇರಿಯಲ್ಲಿ ಮೂವತ್ತು ವರ್ಷ ಪಾರ್ಸೆಲ್ಲುಗಳನ್ನು ಸಂಭಾಳಿಸಿದವರು. ಮಾತು ಕಡಿಮೆ. ಶಾಲೆಯಿಂದ ಬಂದ ಮಗಳು ಚಪ್ಪಲಿ ಬಿಡುವ ಮೊದಲೇ ಬಾಗಿಲಲ್ಲಿ ಕೇಳುತ್ತಿದ್ದರು: "ಎಷ್ಟು?" ಯಾವುದರಲ್ಲಿ, ಯಾಕೆ, ಏನು ಕಲಿತೆ, ಇವೆಲ್ಲ ಇಲ್ಲ. "ಎಷ್ಟು?" ತೊಂಬತ್ತಾರು ಎಂದರೆ ಹುಬ್ಬು ಸಡಿಲವಾಗುತ್ತಿತ್ತು, ಆ ಸಂಜೆ ಮನೆಯಲ್ಲಿ ರೇಡಿಯೋ ಹಾಡುತ್ತಿತ್ತು. ಎಂಬತ್ತೊಂದು ಎಂದರೆ ರೇಡಿಯೋ ಇಲ್ಲ. ಅವರು ಹೊಡೆದವರಲ್ಲ, ಬೈದವರೂ ಅಲ್ಲ. ರೇಡಿಯೋ ಹಾಕುತ್ತಿರಲಿಲ್ಲ, ಅಷ್ಟೆ. ಡಾಕ್ಟರ್ ಓದಿಗೆ ಸೀಟು ತಪ್ಪಿದ ವರ್ಷ ಆ ರೇಡಿಯೋ ನಾಲ್ಕು ತಿಂಗಳು ಬಾಯಿ ಬಿಡಲಿಲ್ಲ. ಅವಳು ಕಣ್ಣು ಪರೀಕ್ಷೆ ಮಾಡುವ ಕೋರ್ಸು ಸೇರಿ, ಅದರಲ್ಲಿ ಎರಡನೇ ರ‍್ಯಾಂಕು ತಂದಳು. ಅಪ್ಪ ಆಗಲೂ ಕೇಳಿದ್ದು, "ಒಂದನೆಯದು ಯಾರಿಗಂತೆ?"

ಓದು ಮುಗಿಸಿ ಕನ್ನಡಕದ ಅಂಗಡಿಯೊಂದರ ಹಿಂದಿನ ಕತ್ತಲೆ ಕೋಣೆ ಸೇರಿದಳು. ಎತ್ತರದ ಕುರ್ಚಿ, ಗೋಡೆಯ ಮೇಲೆ ಬೆಳಕಿನ ಹಲಗೆ, ಹಲಗೆಯಲ್ಲಿ ಮೇಲಿನಿಂದ ಕೆಳಕ್ಕೆ ಚಿಕ್ಕದಾಗುತ್ತ ಹೋಗುವ ಅಕ್ಷರಗಳು. ಏಳು ವರ್ಷ ಆ ಕೋಣೆಯಲ್ಲಿ ಅವಳು ಜನರ ಕಣ್ಣಿಗಿಂತ ಹೆಚ್ಚಾಗಿ ಅವರ ನಾಚಿಕೆಯನ್ನು ನೋಡಿದ್ದಳು. ಕುರ್ಚಿಯಲ್ಲಿ ಕೂತ ಕೂಡಲೇ ಎಂಥವರೂ ಶಾಲೆಯ ಮಕ್ಕಳಾಗಿಬಿಡುತ್ತಿದ್ದರು. ಕಾಣದ ಅಕ್ಷರವನ್ನು ಊಹಿಸಿ ಹೇಳುವವರು, ಕಣ್ಣು ಕಿರಿದು ಮಾಡಿ ಕದ್ದು ನೋಡುವವರು, "ನಿನ್ನೆ ಕಾಣಿಸ್ತಿತ್ತು ಮೇಡಂ" ಎಂದು ಗೋಗರೆಯುವವರು. ಒಮ್ಮೆ ಒಬ್ಬ ಲಾರಿ ಡ್ರೈವರು ಬಂದ. ಕೊನೆಯ ಸಾಲನ್ನು ಉಸಿರು ಬಿಡದೆ ಪಟಪಟನೆ ಒದರಿದ. ಅವಳಿಗೆ ಅನುಮಾನ ಬಂದು ಹಲಗೆಯನ್ನೇ ಬದಲಾಯಿಸಿದಳು. ಆತ ಮತ್ತೆ ಅದೇ ಸಾಲನ್ನು ಅಷ್ಟೇ ಧೈರ್ಯವಾಗಿ ಒದರಿದ. ತನಗಿಂತ ಮುಂಚೆ ಕೂತವನ ಬಾಯಿಂದ ಕೇಳಿ ಉರು ಹೊಡೆದುಕೊಂಡಿದ್ದ!

"ಅಣ್ಣಾ, ಇದು ಪರೀಕ್ಷೆ ಅಲ್ಲ. ಇಲ್ಲಿ ಯಾರೂ ಪಾಸಾಗ್ಬೇಕಿಲ್ಲ. ಕಾಣಿಸ್ಲಿಲ್ಲ ಅಂದ್ರೆ ಕಾಣಿಸ್ಲಿಲ್ಲ ಅನ್ನಿ, ಗಾಜು ಹಾಕ್ಕೊಡ್ತೀನಿ. ಸುಳ್ಳು ಹೇಳಿದ್ರೆ ಸುಳ್ಳು ಗಾಜು ಸಿಗುತ್ತೆ. ಆಮೇಲೆ ರಸ್ತೆಲಿ ಏನು ಮಾಡ್ತೀರಿ?"

"ಒಟ್ನಲ್ಲಿ ಫೇಲಾ ಮೇಡಂ?" ಎಂದಿದ್ದ ಆತ.

ಆ ಸಂಜೆ ಮನೆಯಲ್ಲಿ ಗಂಡನಿಗೂ ಅತ್ತೆಗೂ ಇದನ್ನು ಅಭಿನಯಿಸಿ ತೋರಿಸಿದ್ದಳು; ಮೂವರೂ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದರು.

ಮೊನ್ನೆ ಸೋಮವಾರ ಸಿಸ್ಟರು ಫೋನ್ ಮಾಡಿದಾಗ ಅವಳಿಗೆ ನೆನಪಾದದ್ದು ಆ ಡ್ರೈವರಿನ ಮುಖ. ಸಿಸ್ಟರು ಖುಷಿಯಲ್ಲಿದ್ದರು. "ಏನಮ್ಮ ಏಳನೇ ಪೆಟ್ಟಿಗೆ, ಮೂರೂವರೆ ಕೆಜಿ ಹತ್ರ ಬಂದ್ಬಿಟ್ನಲ್ಲ ನಿನ್ನ ಮಗ! ಡಾಕ್ಟ್ರಿಗೆ ತೋರಿಸ್ದೆ. ತೂಕ ಏರಿದೆ, ಹಳೇ ಡೋಸ್ ಸಾಲಲ್ಲ ಅಂದ್ರು. ಇವತ್ತು ಸಂಜೆಯಿಂದ ಎರಡು ಮಿಲಿ ಬದಲು ಎರಡೂವರೆ. ಗೊತ್ತಾಯ್ತಾ?"

ಗೊತ್ತಾಗಿತ್ತು. ಔಷಧಿ ತೂಕದ ಮೇಲೆ ನಿಂತಿದೆ ಎನ್ನುವುದು ಅವಳಂಥ ಓದಿದವಳಿಗೆ ತಿಳಿಯದ ವಿಷಯವಲ್ಲ. ಆದರೆ ಮಷೀನಿನ ಅಂಕಿ ಚಪ್ಪಾಳೆಯ ದಾರಿ ಹಿಡಿದು ಹೋಗುತ್ತದೆ, ಔಷಧಿ ಬೇರೆಲ್ಲಿಂದಲೋ ಬರುತ್ತದೆ ಎಂಬಂತೆ ಇಷ್ಟು ದಿನ ಎರಡನ್ನೂ ಬೇರೆ ಬೇರೆ ಕೋಣೆಯಲ್ಲಿ ಕೂಡಿಹಾಕಿದ್ದಳು. "ಸಿಸ್ಟರ್, ಅದು..." ಎಂದಳು. "ಏನು?" ಎಂದರು ಅವರು. "ಏನಿಲ್ಲ ಸಿಸ್ಟರ್. ಆಯ್ತು," ಎಂದಳು.

ಫೋನು ಸ್ಪೀಕರಿನಲ್ಲಿತ್ತು. ಗಂಡ ಎಲ್ಲವನ್ನೂ ಕೇಳಿಸಿಕೊಂಡಿದ್ದ. ಬಸ್ ಡಿಪೋದಲ್ಲಿ ಬ್ರೇಕು ರಿಪೇರಿ ಮಾಡುವವನು, ಅಳತೆಯೆಂದರೆ ಅವನಿಗೆ ಪ್ರಾಣ. ಔಷಧಿಯನ್ನು ಎರಡೂ ಹೊತ್ತು ಅವನೇ ಹಾಕುತ್ತಿದ್ದ: ಬೆಳಿಗ್ಗೆ ಆರಕ್ಕೆ ಕೆಲಸಕ್ಕೆ ಹೊರಡುವ ಮುಂಚೆ, ಸಂಜೆ ಆರಕ್ಕೆ ಬಂದು ಕೈ ತೊಳೆದ ಮೇಲೆ. ಸೋಮವಾರ ಸಂಜೆ ಸೂಜಿಯಿಲ್ಲದ ಸಿರಿಂಜಿನ ಮೇಲೆ ಹಳೆಯ ಗೆರೆ ಅಳಿಸಿ, ಕೆಂಪು ಶಾಯಿಯಲ್ಲಿ ಎರಡೂವರೆಗೆ ಹೊಸ ಗೆರೆ ಎಳೆದ. "ನೋಡೋ ಮಗನೇ, ನಿಂಗೆ ಬಡ್ತಿ ಸಿಕ್ತು!" ಎಂದು ಮಗುವಿನ ಕೆನ್ನೆಯೊಳಗೆ ಔಷಧಿ ಬಿಟ್ಟ. ಅವಳು ಬಾಗಿಲ ಚೌಕಟ್ಟು ಹಿಡಿದು ನಿಂತು ನೋಡಿದಳು. ಅವನ ಕೈ ಒಂದಿಷ್ಟೂ ನಡುಗಲಿಲ್ಲ. ಕೆಂಪು ಗೆರೆಗೆ ಸರಿಯಾಗಿ ನಿಂತಿತು. ಅವಳ ಸುಳ್ಳನ್ನು ಇಷ್ಟು ಅಚ್ಚುಕಟ್ಟಾಗಿ ಬೇರೆ ಯಾರೂ ಅಳೆದು ಹಾಕಲಾರರು.

ಮಂಗಳವಾರ ಮಗು ಹೆಚ್ಚು ಮಲಗಿತು. ಪಾಪ, ಆಯಾಸ ಅಂದುಕೊಂಡಳು. ಬುಧವಾರ ಹಾಲು ಕುಡಿಯುತ್ತ ಕುಡಿಯುತ್ತಲೇ ಬಾಯಿ ತೆರೆದುಕೊಂಡು ನಿದ್ದೆಹೋಯಿತು. ಸೆಖೆ ಅಂದುಕೊಂಡಳು. ಪ್ರತಿಯೊಂದಕ್ಕೂ ಒಂದು ಹೆಸರು ಸಿಗುತ್ತಿತ್ತು, ಒಂದೂ ಎದೆಗೆ ಇಳಿಯುತ್ತಿರಲಿಲ್ಲ. ಹೇಳಿಬಿಡೋಣ ಎಂದು ಮೂರು ಸಲ ಗಂಡನ ಮುಂದೆ ಹೋಗಿ ನಿಂತಳು. ಒಮ್ಮೆ ಅವನು ಶೂ ಬಿಚ್ಚುತ್ತಿದ್ದ, ಒಮ್ಮೆ ಅತ್ತೆ ಬಂದರು, ಒಮ್ಮೆ ಏನೂ ಅಡ್ಡ ಬರಲಿಲ್ಲ. ಆದರೂ, "ಹಾಲಿನವನಿಗೆ ನಾಳೆ ಬೇಡ ಅಂತ ಹೇಳ್ಬೇಕು," ಎಂದು ಹೇಳಿ ಹಿಂತಿರುಗಿದಳು.

ಈಗ ಗುರುವಾರ, ಮೇಜಿನ ಮೇಲೆ ಮಗು, ಮಷೀನಿನಲ್ಲಿ ಅಲುಗದ ಅಂಕಿ. ಫೋನಿನಲ್ಲಿ ಸಿಸ್ಟರು ಗುಂಪಿಗೆ ಬರೆದಿದ್ದರು: ಏಳನೇ ಪೆಟ್ಟಿಗೆ, ಎಷ್ಟು? ಎಲ್ಲಿ ಹೋದೆ?

ಅವಳು 3140 ಎಂದು ಬರೆದಳು. ನೋಡಿದಳು. ನಿನ್ನೆಯ 3520ರ ಕೆಳಗೆ ಅದು ಬಂದು ಕೂತರೆ ಹನ್ನೊಂದು ಮನೆಗಳಲ್ಲಿ ಏನೇನು ಮಾತಾಗುತ್ತದೋ! ಒಂದೇ ದಿನಕ್ಕೆ ಮುನ್ನೂರ ಎಂಬತ್ತು ಗ್ರಾಂ ಕಳೆದುಕೊಂಡ ಮಗು ಬದುಕಿರುತ್ತದೆಯೇ? ಅಳಿಸಿದಳು. 3540 ಎಂದು ಬರೆದು ಕಳಿಸಿಬಿಟ್ಟಳು. ಚಪ್ಪಾಳೆಗಳು ಬಂದವು. ಸಿಸ್ಟರು ಒಂದು ಹೆಬ್ಬೆರಳು ಹಾಕಿದರು.

ಹತ್ತು ಗಂಟೆಗೆ ಹಾಲಿನ ಹೊತ್ತು. ಮಗುವನ್ನು ಮಡಿಲಿಗೆ ಹಾಕಿಕೊಂಡಳು. ಕುಡಿಯಲಿಲ್ಲ. ಅಂಗಾಲಿಗೆ ಬೆರಳಿನಿಂದ ತಟ್ಟಿದಳು, ಕಿವಿ ಉಜ್ಜಿದಳು, ಒದ್ದೆ ಬಟ್ಟೆಯಿಂದ ಹಣೆ ಒರೆಸಿದಳು. ವಾರ್ಡಿನಲ್ಲಿ ಎಬ್ಬಿಸಲು ಹೇಳಿಕೊಟ್ಟ ಉಪಾಯಗಳೆಲ್ಲ ಮುಗಿದವು. ಅವನು ಒಂದು ಕಣ್ಣನ್ನು ಅರ್ಧ ತೆರೆದು, ಯಾರೋ ಗುರುತಿಲ್ಲದವರನ್ನು ನೋಡಿದಂತೆ ನೋಡಿ, ಮತ್ತೆ ಮುಚ್ಚಿಕೊಂಡ. ನಾಲ್ಕು ಗುಟುಕು. ಅಷ್ಟೇ. ಐದನೆಯದು ಕಟವಾಯಿಯಿಂದ ಇಳಿದು ಅವಳ ಸೆರಗಿನ ಮೇಲೆ ಬಿತ್ತು.

ಅಷ್ಟರಲ್ಲಿ ಫೋನು ಮತ್ತೆ ಸದ್ದು ಮಾಡಿತು. ಗುಂಪಿನಲ್ಲಲ್ಲ, ಅವಳೊಬ್ಬಳಿಗೇ. ನಾಲ್ಕನೇ ಪೆಟ್ಟಿಗೆಯ ಅಮ್ಮ, ಇಪ್ಪತ್ತರ ಹುಡುಗಿ. ವಾರ್ಡಿನಲ್ಲಿ ಇವಳ ಪಕ್ಕದ ಬೆಂಚಿನಲ್ಲಿ ಕೂತು ಅಳುತ್ತಿದ್ದವಳು. "ಅಕ್ಕ, ಒಂದು ಕೇಳ್ಲಾ, ಬೇಜಾರು ಮಾಡ್ಕೋಬೇಡಿ. ನೀವು ಎಷ್ಟೊತ್ತಿಗೊಂದು ಸಲ ಹಾಲು ಕೊಡ್ತೀರಿ? ನನ್ನ ಪಾಪು ಏರ್ತಾನೇ ಇಲ್ಲ. ನಿಮ್ಮದು ದಿನಾ ಏರೋದು ನೋಡಿ ನಮ್ಮನೇಲಿ ನನ್ನ ಬೈತಾರೆ. ನಿನ್ನೆ ನಾನು ಐವತ್ತು ಜಾಸ್ತಿ ಹಾಕ್ಬಿಟ್ಟೆ ಅಕ್ಕ. ಯಾರಿಗೂ ಹೇಳ್ಬೇಡಿ."

ಅವಳು ಅದನ್ನು ಮತ್ತೊಮ್ಮೆ ಓದಿದಳು. ನಾಲ್ಕನೇ ಪೆಟ್ಟಿಗೆಯ ಮಗುವಿಗೂ ಅದೇ ಔಷಧಿ ನಡೆಯುತ್ತಿತ್ತು.

ಅತ್ತೆ ಬಾಲ್ಕನಿಯಿಂದ ಒಣಗಿದ ಬಟ್ಟೆಗಳ ರಾಶಿ ಹೊತ್ತು ಒಳಗೆ ಬಂದರು. ಇಪ್ಪತ್ತೆರಡು ವರ್ಷ ಬಟ್ಟೆ ಕಾರ್ಖಾನೆಯಲ್ಲಿ ಅಂಗಿಗಳಿಗೆ ಗುಂಡಿ ಹೊಲಿದವರು. ಈಗಲೂ ಯಾವ ಬಟ್ಟೆ ಕೈಗೆ ಸಿಕ್ಕರೂ ಮೊದಲು ಗುಂಡಿ ಎಳೆದು ನೋಡುತ್ತಿದ್ದರು. ಮೊಮ್ಮಗನನ್ನು ಅವರು ಕರೆಯುತ್ತಿದ್ದುದು ಯಜಮಾನರು ಎಂದು.

"ಏನು, ನಮ್ಮ ಯಜಮಾನರು ಇವತ್ತೂ ಜಗಳ ಆಡಲ್ವಂತಾ?" ಎಂದರು. "ಮೂರು ದಿನ ಆಯ್ತು ಕಣೇ ಇವನ ಬಾಯಿ ಕೇಳಿ. ಮನೆ ಯಾಕೋ ಬಣಗುಟ್ಟುತ್ತೆ."

"ನಿದ್ದೆ ಅತ್ತೆ," ಎಂದಳು.

"ನಿದ್ದೆ ಮಾಡೋ ಮಕ್ಕಳನ್ನ ನಾನು ನೋಡಿಲ್ವಾ? ನಿನ್ನ ಗಂಡ ಹುಟ್ಟಿದಾಗ ಎಷ್ಟು ತೂಕ ಅಂತ ನನ್ನನ್ನ ಯಾರೂ ಕೇಳ್ಲಿಲ್ಲ. ಅಳ್ತಾನಾ ಅಂತ ಕೇಳಿದ್ರು. ಅಳ್ತಾನೆ ಅಂದೆ. ಹಂಗಾದ್ರೆ ಸರಿ ಅಂದ್ರು, ಹೋದ್ರು." ಹತ್ತಿರ ಬಂದು ಮಗುವಿನ ಕೈ ಎತ್ತಿ ಬಿಟ್ಟರು. ಕೈ ಒದ್ದೆ ಬಟ್ಟೆಯ ಹಾಗೆ ಕೆಳಗೆ ಬಿತ್ತು. ಅತ್ತೆಯ ಮುಖದಲ್ಲಿದ್ದ ನಗು ಹೋಯಿತು. "ಇದು ನಿದ್ದೆ ಅಲ್ಲ ಕಣೇ."

ಅವಳು ಆಗ ಹೇಳಿದಳು. ಹೇಳಿದಳು ಎನ್ನುವುದಕ್ಕಿಂತ, ತಡೆಯಲಾಗದೆ ಹೊರಗೆ ಬಂತು. ಎರಡು ತೂಕ, ಗುಂಪು, ಚಪ್ಪಾಳೆ, ಎರಡೂವರೆ ಮಿಲಿ, ಕೆಂಪು ಗೆರೆ. ಹೇಳುತ್ತಿದ್ದಾಗ ತನ್ನ ದನಿ ಯಾರದೋ ಚಿಕ್ಕ ಹುಡುಗಿಯದರಂತೆ ಅವಳಿಗೇ ಕೇಳಿಸಿತು. ಅತ್ತೆ ಬಟ್ಟೆಯ ರಾಶಿಯನ್ನು ಎದೆಗೆ ಅವುಚಿಕೊಂಡೇ ನಿಂತು ಕೇಳಿದರು.

"ಯಾರಿಗೆ ತೋರಿಸೋಕೆ ಜಾಸ್ತಿ ಬರ್ದೆ?" ಎಂದರು ಕೊನೆಗೆ.

"ಗೊತ್ತಿಲ್ಲ ಅತ್ತೆ."

"ನಂಗೊತ್ತು. ನಮ್ಮ ಫ್ಯಾಕ್ಟರೀಲಿ ಒಂದು ಕರೀ ಹಲಗೆ ಇತ್ತು. ಗಂಟೆಗೆ ಯಾರು ಎಷ್ಟು ಅಂಗಿ ಅಂತ ಬರೀತಿದ್ರು. ಕಡಿಮೆ ಆದವಳ ಹೆಸರಿನ ಕೆಳಗೆ ಗೆರೆ. ಅದಕ್ಕೆ ಹೆದರಿ ನಾವೆಲ್ಲ ಏನು ಮಾಡ್ತಿದ್ವಿ ಗೊತ್ತಾ? ಏಳು ಗುಂಡಿ ಅಂಗಿಗೆ ಆರೇ ಹಾಕಿ ಮುಂದಕ್ಕೆ ತಳ್ತಿದ್ವಿ. ನಾನೂ ತಳ್ಳಿದೀನಿ. ವರ್ಷದ ಕೊನೇಲಿ ನಂಗೆ ಶಾಲೂ ಹೊದಿಸಿದ್ರು, ಒಳ್ಳೇ ಕೆಲಸಗಾರ್ತಿ ಅಂತ." ಬಟ್ಟೆಗಳನ್ನು ಕುರ್ಚಿಯ ಮೇಲೆ ಹಾಕಿದರು. "ಅದು ಅಂಗಿ. ಎಲ್ಲೋ ಯಾವನದೋ ಹೊಟ್ಟೆ ಹತ್ರ ತೆರ್ಕೊಂಡಿರುತ್ತೆ, ನಮ್ಮನ್ನ ನಾಲ್ಕು ಬೈದು ಸುಮ್ಮನಾಗಿರ್ತಾನೆ. ಇದು ಅಂಗಿ ಅಲ್ಲ. ಮಾಡು ಫೋನು."

"ಅವರು ಏನಂತಾರೋ. ಮಗೂನ ನನ್ನ ಹತ್ರ ಬಿಡ್ತಾರೋ ಇಲ್ವೋ. ಇವರಿಗೆ ಗೊತ್ತಾದ್ರೆ..."

"ನನ್ನ ಮಗ ನಾಲ್ಕು ದಿನ ಮುಖ ಊದಿಸ್ಕೊಂಡಿರ್ತಾನೆ. ನಾನು ನೋಡ್ಕೋತೀನಿ. ಮಾಡು."

ಅವಳು ಫೋನು ಕೈಗೆತ್ತಿಕೊಂಡಳು. ಬೆರಳುಗಳು ಬೆವತು ಪರದೆ ಅವಳನ್ನು ಗುರುತಿಸಲೇ ಇಲ್ಲ. ಸೀರೆಗೆ ಒರೆಸಿಕೊಂಡು ಮತ್ತೆ ಒತ್ತಿದಳು. ಕೊನೆಯ ಗಳಿಗೆಯಲ್ಲಿ ಕೂಡ ಮನಸ್ಸು ಒಂದು ಸಂದು ಹುಡುಕುತ್ತಿತ್ತು: ಮಷೀನು ಕೆಟ್ಟಿತ್ತು ಅನ್ನಬಹುದು. ಹೌದು, ಮಷೀನು ಕೆಟ್ಟಿತ್ತು, ಇವತ್ತು ಗೊತ್ತಾಯಿತು. ಯಾರ ತಪ್ಪೂ ಅಲ್ಲ. ಎಷ್ಟು ಸುಲಭ! ಆದರೆ ಹಾಗೆಂದರೆ ಉಳಿದ ಹತ್ತು ಮನೆಗಳ ಮಷೀನುಗಳನ್ನು ತಿರುಗಿಸಿ ನೋಡುತ್ತಾರೆ, ನಾಲ್ಕನೇ ಪೆಟ್ಟಿಗೆಯ ಹುಡುಗಿಯನ್ನು ಯಾರೂ ಏನೂ ಕೇಳುವುದಿಲ್ಲ. ಅತ್ತ ಗಂಟೆ ಹೊಡೆಯುತ್ತಿತ್ತು. ಒಂದು, ಎರಡು, ಮೂರು.

"ಹೇಳಮ್ಮ ಏಳನೇ ಪೆಟ್ಟಿಗೆ."

"ಸಿಸ್ಟರ್, ನಾನು ಸುಳ್ಳು ತೂಕ ಕಳಿಸಿದೀನಿ."

ಅತ್ತ ಯಾವುದೋ ಗಾಡಿಯ ಚಕ್ರ ಕಿರುಗುಟ್ಟಿತು.

"ಮಷೀನ್ ಸರಿ ಇದೆ. ನಾನೇ ಜಾಸ್ತಿ ಬರೆದೆ. ಮೂರು ವಾರದಿಂದ. ಇವತ್ತು ನಿಜವಾಗಿ ಮೂರು ಸಾವಿರದ ನೂರ ನಲವತ್ತು. ಎರಡೂವರೆ ಮಿಲಿ ಸೋಮವಾರ ಸಂಜೆಯಿಂದ ಹೋಗ್ತಿದೆ. ಅವನು ಏಳ್ತಿಲ್ಲ ಸಿಸ್ಟರ್."

ಬೈಗುಳಕ್ಕೆ ಅವಳು ಮೈಯೆಲ್ಲ ಬಿಗಿ ಹಿಡಿದು ಕಾದಳು. ಬರಲಿಲ್ಲ. ಸಿಸ್ಟರಿನ ದಪ್ಪ ದನಿ ಇದ್ದಕ್ಕಿದ್ದಂತೆ ತೆಳ್ಳಗಾಯಿತು, ಚುರುಕಾಯಿತು. ಅದು ಬೈಗುಳಕ್ಕಿಂತ ಹೆಚ್ಚು ಹೆದರಿಸಿತು.

"ಕೊನೇ ಡೋಸ್ ಯಾವಾಗ?"

"ಬೆಳಿಗ್ಗೆ ಆರಕ್ಕೆ."

"ಹಾಲು?"

"ಈಗ ಹತ್ತಕ್ಕೆ ನಾಲ್ಕು ಗುಟುಕು. ಅದಕ್ಕೆ ಮುಂಚೆ ಆರೂವರೆಗೆ, ಅದೂ ಅರ್ಧ."

"ಕಣ್ಣು ಬಿಡ್ತಾನಾ? ತುಟಿ ಯಾವ ಬಣ್ಣ ಇದೆ? ಬೆಳಕಿಗೆ ಹಿಡಿದು ನೋಡು, ಸುಮ್ಮನೆ ಹೇಳ್ಬೇಡ."

ಅವಳು ಮಗುವನ್ನು ಎತ್ತಿಕೊಂಡು ಕಿಟಕಿಗೆ ಓಡಿದಳು. "ಕೆಂಪಗೇ ಇದೆ... ಇಲ್ಲ, ಯಾವಾಗ್ಲೂ ಇರೋವಷ್ಟು ಕೆಂಪಿಲ್ಲ. ಸ್ವಲ್ಪ ಪೇಲವ ಇದೆ. ನೀಲಿ ಇಲ್ಲ. ಅಂಗಾಲು ಗಿಲ್ಲಿದ್ರೆ ಕಾಲು ಎಳ್ಕೋತಾನೆ, ಕಣ್ಣು ಅರ್ಧ ಬಿಡ್ತಾನೆ."

"ಒಳ್ಳೇದು. ಜ್ವರ? ಫಿಟ್ಸ್ ಏನಾದ್ರೂ ಬಂತಾ?"

"ಇಲ್ಲ. ಎರಡೂ ಇಲ್ಲ."

"ಸರಿ. ಡೋಸಿನಿಂದ್ಲೋ ಬೇರೆ ಏನೋ ಅಂತ ಇಲ್ಲಿ ನೋಡ್ತೀವಿ. ಈಗ್ಲೇ ಹೊರಡ್ಬೇಕು. ಮನೇಲಿ ಯಾರಿದಾರೆ?"

"ಅತ್ತೆ ಇದಾರೆ."

"ಗಾಡಿ ನಿಲ್ಲಿಸೋಕೆ ಅವರನ್ನ ಕೆಳಗೆ ಕಳಿಸು."

ಅತ್ತೆ ಆಗಲೇ ಬಾಗಿಲು ದಾಟಿದ್ದರು. ಮೆಟ್ಟಿಲ ಮೇಲೆ ಅವರ ಚಪ್ಪಲಿಯ ಸದ್ದು ದಡದಡನೆ ಇಳಿಯುತ್ತಿತ್ತು.

"ಸಿಸ್ಟರ್," ಎಂದಳು, "ನಾಲ್ಕನೇ ಪೆಟ್ಟಿಗೆ ಮಗೂದೂ ಒಂದ್ಸಲ ತೂಕ ಹಾಕಿಸಿ ನೋಡಿ. ನನ್ನ ಅಂಕಿ ನೋಡಿ ಅವಳೂ... ಅವಳನ್ನ ಬೈಬೇಡಿ. ತಪ್ಪು ನಂದು."

ಸಿಸ್ಟರು ಉಸಿರು ಎಳೆದುಕೊಂಡದ್ದು ಕೇಳಿಸಿತು. "ಮೂರು ಸಾವಿರದ ನೂರ ನಲವತ್ತು," ಎಂದರು ತಮಗೆ ತಾವೇ ಎಂಬಂತೆ. "ಎರಡು ತಿಂಗಳು ಮುಂಚೆ ಹುಟ್ಟಿದ ಮಗು. ಚೆನ್ನಾಗೇ ಬೆಳೀತಿದ್ನಲ್ಲಮ್ಮ. ಏನು ಕಡಿಮೆ ಆಗಿತ್ತು ನಿಂಗೆ?"

ಇಷ್ಟು ದಿನವೂ ಅವಳು ಅವನ ತೂಕವನ್ನು ನಿನ್ನೆಯ ಸುಳ್ಳಿನ ಪಕ್ಕದಲ್ಲಿಟ್ಟು ನೋಡಿದ್ದಳು, ಅವಳಿಗಳ ಪಕ್ಕದಲ್ಲಿಟ್ಟು ನೋಡಿದ್ದಳು. ಅವನನ್ನು ಅವನ ಪಕ್ಕದಲ್ಲೇ ಇಟ್ಟು ಒಂದು ದಿನವೂ ನೋಡಿರಲಿಲ್ಲ. ಬೊಗಸೆಯಲ್ಲಿ ಹಿಡಿಸುತ್ತಿದ್ದವನು ಈಗ ತೋಳಿನುದ್ದಕ್ಕೂ ಇದ್ದ. ಮಣಿಕಟ್ಟಿನಲ್ಲಿ ಒಂದು ಮಡಿಕೆ ಬಿದ್ದಿತ್ತು. ಅದು ಯಾವಾಗ ಬಿತ್ತೋ!

"ಅಳೋದೆಲ್ಲ ಆಮೇಲೆ," ಎಂದರು ಸಿಸ್ಟರು. "ಗಾಡಿ ಬರೋವರೆಗೂ ಒಂದು ಕೆಲಸ ಮಾಡು. ಫೋನ್ ಸ್ಪೀಕರ್‌ಗೆ ಹಾಕು. ಮಗೂನ ಚಪ್ಪಟೆ ಮಲಗಿಸು. ಅಂಗಿ ಮೇಲೆತ್ತು. ಹೊಟ್ಟೆ ನೋಡು. ಒಂದು ಸಲ ಮೇಲೆ ಬಂದು ಕೆಳಗೆ ಹೋದ್ರೆ ಒಂದು ಉಸಿರು. ನಾನಿಲ್ಲಿ ಗಡಿಯಾರ ನೋಡ್ತೀನಿ, ನೀನು ಜೋರಾಗಿ ಎಣಿಸು. ಪೂರಾ ಒಂದು ನಿಮಿಷ. ನಡುವೆ ನಿಂತ್ರೆ ನಿಂತಿದೆ ಅಂತ ಹೇಳು."

ಅವಳು ಮಂಚದ ಮೇಲೆ ಮಗುವನ್ನು ಮಲಗಿಸಿ, ಮಂಡಿಯೂರಿ ಕೂತು, ಆ ಪುಟ್ಟ ಹೊಟ್ಟೆಗೆ ಕಣ್ಣು ನೆಟ್ಟಳು. ಮೊದಲು ಏನೂ ಕಾಣಲಿಲ್ಲ. ಆಮೇಲೆ ಹೊಕ್ಕುಳಿನ ಹತ್ತಿರ ಚರ್ಮ ಒಂದಿಷ್ಟೇ ಎದ್ದು ಇಳಿಯಿತು.

"ಒಂದು," ಎಂದಳು. "ಎರಡು. ಮೂರು."

"ಎಣಿಸು, ನಿಲ್ಲಿಸ್ಬೇಡ."

"ಎಂಟು. ಒಂಬತ್ತು." ಬೀದಿಯಲ್ಲಿ ಅತ್ತೆ ಯಾರನ್ನೋ ಕೂಗುತ್ತಿದ್ದರು. "ಹದಿನೇಳು. ಹದಿನೆಂಟು." ನಡುವೆ ಒಂದು ಬಿಡುವು ಉದ್ದವಾಯಿತು. "ನಿಂತಿದೆ ಸಿಸ್ಟರ್, ನಿಂತಿದೆ... ಇಲ್ಲ, ಬಂತು. ಹತ್ತೊಂಬತ್ತು." ಕಣ್ಣೀರು ತುಂಬಿ ಹೊಟ್ಟೆ ಮಂಜಾಯಿತು. ರೆಪ್ಪೆ ಬಡಿದಳು. ಅಷ್ಟರಲ್ಲಿ ಆ ಹೊಟ್ಟೆ ಎದ್ದಿತ್ತೋ ಇಲ್ಲವೋ, ಒಂದು ಸಲವೋ ಎರಡು ಸಲವೋ. ನಾಲಿಗೆಯ ತುದಿಯಲ್ಲಿ ಮುಂದಿನ ಅಂಕಿ ಸಿದ್ಧವಾಗಿ ಕೂತಿತ್ತು. ಹೇಳಿಬಿಟ್ಟರೆ ಯಾರಿಗೂ ತಿಳಿಯುತ್ತಿರಲಿಲ್ಲ.

"ಸಿಸ್ಟರ್, ತಪ್ಪಿಹೋಯ್ತು," ಎಂದಳು. "ಇಪ್ಪತ್ತೋ ಇಪ್ಪತ್ತೊಂದೋ ಗೊತ್ತಾಗ್ಲಿಲ್ಲ. ನಂಗೆ ಕಾಣಿಸ್ಲಿಲ್ಲ."

"ಪರವಾಗಿಲ್ಲ. ಕಣ್ಣು ಒರೆಸ್ಕೋ," ಎಂದರು ಸಿಸ್ಟರು. "ಮೊದಲಿಂದ ಎಣಿಸು. ನಾನು ಇಲ್ಲೇ ಇದೀನಿ."

ಅವಳು ಕಣ್ಣು ಒರೆಸಿಕೊಂಡು ಬಗ್ಗಿದಳು.

"ಒಂದು."